ವಿಷಯ: ದಂಡ ಮನ್ನಾ ಮಾಡುವ ಕುರಿತು

ಇವರಿಗೆ,
ಸಂಚಾರಿ ಠಾಣೆ, ವಿಜಯಪುರ.
ಇವರಿಂದ,
ಇಂದುಮತಿ ಹಂಜಗಿ, ವಯಸ್ಸು ಐವತ್ತಮೂರು,
ಹೊಲಿಗೆ ಶಿಕ್ಷಕಿ, ಸದರಿ ಸ್ಕೂಟರಿನ ಮಾಲಕಿ.

ಮಾನ್ಯರೇ,
ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ —

ಇಲ್ಲಿತನಕ ನಮ್ಮಣ್ಣನ ಮಗ ಹೇಳಿ ಬರೆಸಿದ್ದು.
ಮುಂದಿಂದು ನಂದು.

ಅವತ್ತು ಮಂಗಳವಾರ, ಹನ್ನೊಂದೂವರಿ ಬಿಸಲು.
ಮುಂಜಾನೆ ಹೊಟ್ಟಿಗೆ ಸೂಜಿ ಚುಚಗೊಂಡಿದ್ದೆ,
ಹದಿನಾಲ್ಕು ಪಾಯಿಂಟು, ಡಾಕ್ಟರು ಹೇಳಿದಷ್ಟ.
ಚುಚಗೊಂಡ ಮ್ಯಾಲ ಉಣಬೇಕಾಗಿತ್ತು. ಉಣಲಿಲ್ಲ.
ಅರ್ಧ ರೊಟ್ಟಿ ಬೇಯೂದ್ರಾಗ ಗ್ಯಾಸ್ ಮುಗೀತು.
ಅರ್ಜಿಯೊಳಗ ಗ್ಯಾಸಿನ ಸುದ್ದಿ ಬ್ಯಾಡ ಅಂದ ಅಣ್ಣನ ಮಗ.
ಬರದೀನಿ. ಬೇಕಂದ್ರ ನೀವ ಹೊಡದು ಹಾಕ್ರಿ.

ಗಾಂಧಿ ಚೌಕ ದಾಟಿ ಮಾರ್ಕೆಟ್ ಕಡೆ ಹೊಳ್ಳೂದ್ರಾಗ
ನಡಗಾಕ ಹತ್ತಿದವು
ಮೊದಲ ಬೆರಳು, ಆಮ್ಯಾಲ ಹ್ಯಾಂಡಲ್ಲು,
ಆಮ್ಯಾಲ ರಸ್ತೆ.
ಜಂಪರು ತೊಯ್ದು ಬೆನ್ನಿಗೆ ಅಂಟಿತು.
ಕಿವಿಯೊಳಗ ಗುಮ್ಮಟ ಎದ್ದಂಗ
ಒಂದ ಹಾರನ್ನು ಏಳು ಸಲ.

ಬೋರ್ಡು ಕಾಣಲಿಲ್ಲ ಅಂತ ಸುಳ್ಳು ಹೇಳೂದಿಲ್ಲ.
ಕಂಡಿತ್ತು. ಎರಡು ಕಂಡಿದ್ದವು.
ಎರಡರ ನಡುವ ಜಾಗ ಅದ ಅಂತ ತಿಳದು
ಅಲ್ಲೇ ಹಚ್ಚಿದೆ ಗಾಡಿ.

ಒಣದ್ರಾಕ್ಷಿ ಅಂಗಡಿ ಕಟ್ಟಿ ಮ್ಯಾಲ ಕುಂತೆ.
ಕುಂತೆ ಅಂದ್ರ, ಬಿದ್ದೆ.
ತೂಗುವ ಹುಡುಗ ಮಾರಿ ನೋಡಿದ, ಏನೂ ಕೇಳಲಿಲ್ಲ,
ತಕ್ಕಡಿಯೊಳಗಿಂದ ಒಂದು ಬೊಗಸಿ ತಂದ.
ಅವರಜ್ಜಿಗೂ ಹಿಂಗ ಆಗ್ತಿತ್ತಂತ.
ಒಂಬತ್ತು ವರ್ಷ ಮಣೂಕದ ಡಬ್ಬಿ ಕಂಡ್ರ
ಮಾರಿ ಹೊಳ್ಳಸಿದಾಕಿ ನಾನು,
ಅವತ್ತು ತೊಟ್ಟು ಸಮೇತ ನುಂಗಿದೆ.
ಬೀದಿ ಸಣ್ಣಂಗ ವಾಪಸ್ ಬಂತು:
ತಕ್ಕಡಿ, ಹುಡುಗನ ಮೂಗು,
ಬಾಳ ಹೊತ್ತಿನ ಮ್ಯಾಲ ನನ್ನ ಹೆಸರು.

ಮೂರು ದಿನಕ್ಕ ಮೊಬೈಲಿಗೆ ನಿಮ್ಮ ಚಲನ್ನು. ಐನೂರು.

ವೈದ್ಯಕೀಯ ಕಾರಣ ಇದ್ರ ಪುರಾವೆ ತರ್ರಿ ಅಂದ್ರಿ.
ಡಾಕ್ಟರಲ್ಲಿ ಹೋದೆ. ಅವರಂದ್ರು,
ಅವತ್ತಿನ ರಕ್ತ ಇವತ್ತ ಹ್ಯಾಂಗ ನೋಡ್ಲೆವ್ವ?
ಇಳದ ಸಕ್ಕರಿ ಏರಿತು, ಏರಿದ್ದಕ್ಕ ನಾ ಉಳದೆ,
ಉಳದದ್ದಕ್ಕ ಕಾಗದ ಇಲ್ಲ.
ಅಲ್ಲೇ ಸತ್ತಿದ್ರ
ಮೂರು ಪ್ರತಿ ಸಿಗತಿದ್ದವು, ಸಿಕ್ಕಾ ಒತ್ತಿ.

ನಿನ್ನೆ ರಾತ್ರಿ ನಿದ್ದಿ ಬರಲಿಲ್ಲ.
ನೀವ ಕಳಸಿದ ಫೋಟೋ ಎರಡು ಬೆರಳಲೆ ಹಿಗ್ಗಿಸಿ ನೋಡಿದೆ.
ನಡುವ ನಂಬರ್ ಪ್ಲೇಟು, ಸುತ್ತ ಕೆಂಪು ಗೆರಿ.
ಎಡಗಡೆ ಮೂಲಿಗೆ ಬರ್ರಿ.
ಕಟ್ಟಿ ಮ್ಯಾಲ ಹಸರು ಸೀರಿ.
ಒಂದ ಕಾಲಾಗ ಚಪ್ಪಲಿ.
ತಲಿ ಮೊಣಕಾಲಾಗ.
ಚೌಕಟ್ಟಿನ ಹೊರಗಿಂದ ಚಾಚಿದ ಯಾರದೋ ಬೊಗಸಿ.

ಅದು ನಾನ್ರಿ.

ಫೋಟೋ ತಗದವರು ನನ್ನಿಂದ ಹತ್ತು ಹೆಜ್ಜಿ ಮ್ಯಾಲ ನಿಂತಿದ್ರು.
ಗಾಡಿ ಪೂರಾ ಬರಲಿ ಅಂತ
ಒಂದು ಹೆಜ್ಜಿ ಹಿಂದ ಸರದಿರಬೇಕು,
ಅದಕ್ಕ ನಾನೂ ಬಂದೀನಿ.
ತಾರೀಖು ನಿಮ್ಮದ, ವೇಳೆ ನಿಮ್ಮದ:
ಹನ್ನೊಂದು ಮೂವತ್ತೆಂಟು.
ಇದಕ್ಕಿಂತ ಖಾತ್ರಿ ಸರ್ಟಿಫಿಕೇಟು
ಯಾವ ಡಾಕ್ಟರು ಕೊಡ್ತಾರ?

ಮನ್ನಾ ಆದ್ರ ಚಲೋ.
ಆಗಲಿಲ್ಲಂದ್ರ ಪಗಾರ ಆದ ಮ್ಯಾಲ ಕಟ್ಟತೀನಿ.
ಆ ಹುಡುಗ ಮಣೂಕದ ರೊಕ್ಕ ತಗೊಳ್ಳಲಿಲ್ಲ,
ಅದನ್ನೂ ನಿಮ್ಮ ಲೆಕ್ಕಕ್ಕ ಹಿಡೀರಿ.
ಫೋಟೋ ತಗದವರಿಗೆ ಬೈಬ್ಯಾಡ್ರಿ.
ಆ ಮೂಲಿ ಒಮ್ಮೆ ತೋರಸ್ರಿ, ಸಾಕು.

ತಮ್ಮ ವಿಶ್ವಾಸಿ.

ಲಗತ್ತು:
ಫೋಟೋ, ಒಂದು.
ಮಣೂಕ, ಒಂದು ಪೊಟ್ಟಣ.
ಲಂಚ ಅಲ್ಲ.
ದಿನಪೂರ್ತಿ ಬಿಸಲಾಗ ನಿಲ್ಲವರ ಕಿಸೆದಾಗ ಇರಲಿ.